ದಿನಬಳಕೆಯ ಜಿಮ್ನಿಗೆ ಮೊದಲ ಮಾರ್ಪಾಡು ಯಾವುದು: ಪುಣೆಯ ಒಂದು ಪ್ರಕರಣ

ಧಾರವಾಡ ಮೂಲದ, ಈಗ ಪುಣೆಯ ಕೋಥರೂಡ್‌ನಲ್ಲಿ ನೆಲೆಸಿರುವ ದಂಪತಿ ತಮ್ಮ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಗೆ ಒಂದು ಲಕ್ಷ ರೂಪಾಯಿಯೊಳಗೆ ಆಫ್‌ರೋಡ್ ಮಾರ್ಪಾಡು ಮಾಡಿಸಲು ನಿರ್ಧರಿಸಿ, ಯಾವುದನ್ನು ಮೊದಲು ಮಾಡಿಸಬೇಕೆಂದು ನನ್ನನ್ನು ಕೇಳಿದರು. ಗಂಡ ತಂದ ಪಟ್ಟಿಯಲ್ಲಿ ಬಾಡಿಯನ್ನು 50 ಮಿ.ಮೀ. ಎತ್ತರಿಸುವ ಸ್ಪ್ರಿಂಗುಗಳ ಲಿಫ್ಟ್ ಕಿಟ್, 235/75 ಆರ್ 15 ಅಳತೆಯ ಮಡ್ ಟೆರೇನ್ (ಕೆಸರಿನ ಹಾದಿಯ) ಟೈರು, ವಿಂಚ್ (ಹೂತ ಗಾಡಿಯನ್ನು ಎಳೆಯುವ ರಾಟೆ) ಸಮೇತ ಉಕ್ಕಿನ ಮುಂಬಂಪರ್, ಛಾವಣಿಯ ಕ್ಯಾರಿಯರ್, ಎಲ್‌ಇಡಿ ಲೈಟ್ ಬಾರ್ ಮತ್ತು ಎಂಜಿನ್ನು ಗಾಳಿ ಎಳೆಯುವ ಬಾಯಿಯನ್ನು ಛಾವಣಿಯ ಮಟ್ಟಕ್ಕೆ ಏರಿಸುವ ಸ್ನಾರ್ಕೆಲ್ ಇದ್ದವು. ವಾರದ ಐದು ದಿನ ಅದೇ ಗಾಡಿಯನ್ನು ಹಿಂಜವಡಿಯ ಕಚೇರಿಗೆ ಓಡಿಸುವವರು ಹೆಂಡತಿ. ಅವರು ಹೇಳಿದ್ದು ಒಂದೇ ಮಾತು: "ಏನರೆ ಹಚ್ಚಸ್ರಿ, ಆದ್ರ ಅತ್ತಿಯವ್ರು ಹತ್ತಿ ಇಳಿಯಾಕ ಬರಬೇಕು, ಮಳ್ಯಾಗ ಬ್ರೇಕ್ ಹಿಡೀಬೇಕು." ಈ ಎರಡು ಷರತ್ತುಗಳನ್ನು ಪಟ್ಟಿಯ ಆರು ವಸ್ತುಗಳಿಗಿಂತ ಮೇಲಿಟ್ಟು ನಾವು ವಿಚಾರವನ್ನು ಆರಂಭಿಸಿದೆವು.

ಭಾರತದಲ್ಲಿ 2023ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಈ ಗಾಡಿ ಕಾರ್ಖಾನೆಯಿಂದ ಹೊರಬೀಳುವಾಗಲೇ ಕಚ್ಚಾ ಹಾದಿಗೆ ಸಾಕಷ್ಟು ಸಜ್ಜಾಗಿರುತ್ತದೆ. ಲ್ಯಾಡರ್ ಚಾಸಿ, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ (ಎರಡು ಗಾಲಿಗಳನ್ನು ಜೋಡಿಸುವ ಒಂದೇ ಅಚ್ಚು), ಕಾಯಿಲ್ ಸ್ಪ್ರಿಂಗು, ನಾಲ್ಕೂ ಗಾಲಿಗೆ ಬಲ ಕೊಡುವ 4ಎಚ್ ಮತ್ತು ಅದನ್ನೇ ನಿಧಾನ ವೇಗದಲ್ಲಿ ಹೆಚ್ಚು ಎಳೆತದೊಂದಿಗೆ ಕೊಡುವ 4ಎಲ್ ಇರುವ ಟ್ರಾನ್ಸ್‌ಫರ್ ಕೇಸ್, ಒಂದು ಗಾಲಿ ಸುಮ್ಮನೆ ತಿರುಗತೊಡಗಿದರೆ ಅದಕ್ಕೆ ಬ್ರೇಕ್ ಹಾಕಿ ಎದುರಿನ ಗಾಲಿಗೆ ಬಲ ಕಳಿಸುವ ವ್ಯವಸ್ಥೆ, ಇವೆಲ್ಲವೂ ಅದರಲ್ಲಿವೆ. ನೆಲದಿಂದ 210 ಮಿ.ಮೀ. ಎತ್ತರವಿದೆ, ಮುಂಭಾಗದ ಏರುಕೋನ, ಅಂದರೆ ಬಂಪರು ತಾಗದೆ ಏರಬಲ್ಲ ದಿಬ್ಬದ ಕೋನ, 36 ಡಿಗ್ರಿ. ಐದು ಬಾಗಿಲಿಗಾಗಿ ವೀಲ್‌ಬೇಸ್ ಅನ್ನು 2,590 ಮಿ.ಮೀ.ಗೆ ಹಿಗ್ಗಿಸಿದ್ದರಿಂದ ಹೊಟ್ಟೆಯ ಭಾಗದ ಕೋನ, ಅಂದರೆ ಚಾಸಿಯ ನಡುಭಾಗ ತಾಗದೆ ದಾಟಬಲ್ಲ ದಿಬ್ಬದ ಕೋನ, ಮಾತ್ರ 24 ಡಿಗ್ರಿಗೆ ಇಳಿದಿದೆ. 1,462 ಸಿ.ಸಿ.ಯ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 134 ಎನ್‌ಎಂ. ಇದು ಹೇರಳವೇನಲ್ಲ, ಹಾಗಾಗಿ ಸೇರಿಸುವ ಪ್ರತಿ ಕಿಲೋ ತೂಕವೂ ಚಾಲಕನ ಅನುಭವಕ್ಕೆ ಬರುತ್ತದೆ.

ಗಾಡಿಯ ಓಡಾಟದ ಬಹುಪಾಲು ಡಾಂಬರಿನ ಮೇಲೆಯೇ. ಚಾಂದಣಿ ಚೌಕದಿಂದ ಹಿಂಜವಡಿಯವರೆಗಿನ ದಟ್ಟಣೆ ದಿನದ ಪಾಡು. ಊರಿಗೆ ಹೊರಟರೆ ಕಾತ್ರಜ್, ಖಂಬಾಟ್ಕಿ ಘಾಟ್, ಸಾತಾರಾ, ಕೊಲ್ಲಾಪುರ, ಬೆಳಗಾವಿ ದಾಟಿ ಧಾರವಾಡದವರೆಗೆ ನಾನೂರು ಕಿ.ಮೀ. ಮೀರಿದ ಹೆದ್ದಾರಿ ಪ್ರಯಾಣ. ಊರಿಂದ ಮರಳುವಾಗ ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ಇಳಿಜಾರು ಲಾರಿಗಳ ಬ್ರೇಕ್ ತಪ್ಪುವ ಅಪಘಾತಗಳಿಗೆ ಕುಖ್ಯಾತವಾದದ್ದು. ಮಳೆಯಲ್ಲಿ ಅಲ್ಲಿ ತಟ್ಟನೆ ನಿಲ್ಲಬೇಕಾಗಿ ಬಂದರೆ ಟೈರಿನ ಒದ್ದೆ ಹಿಡಿತವೊಂದೇ ಆಸರೆ. ಮನೆಯಲ್ಲಿ ಗಂಡನ ತಾಯಿಯವರಿದ್ದಾರೆ, ಅವರಿಗೆ ಮಂಡಿನೋವು. ಸೊಸೈಟಿಯ ಪಾರ್ಕಿಂಗ್ ಗಾಡಿಗಳನ್ನು ಒಂದರ ಮೇಲೊಂದು ನಿಲ್ಲಿಸುವ ಯಾಂತ್ರಿಕ ತಟ್ಟೆಗಳದ್ದು. ಗಾಡಿಯ 1,720 ಮಿ.ಮೀ. ಎತ್ತರಕ್ಕೂ ಮೇಲಿನ ತಟ್ಟೆಗೂ ನಡುವೆ ಉಳಿಯುವ ಜಾಗ ಒಂದು ಗೇಣಿಗಿಂತ ಕಡಿಮೆ. ಲಿಫ್ಟ್ ಮತ್ತು ಕ್ಯಾರಿಯರ್ ಎರಡನ್ನೂ ಹಾಕಿಸಿದರೆ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಕ್ಯಾರಿಯರ್ ಅನ್ನು ಕೈಬಿಡಲು ಇಷ್ಟೇ ಕಾರಣ ಸಾಕಾಯಿತು.

ಡಾಂಬರು ಬಿಟ್ಟ ಓಡಾಟ ಎರಡು ಬಗೆಯದು. ಬಿಡುವಿನ ದಿನಗಳಲ್ಲಿ ಪಾನಶೇತ್, ವೇಲ್ಹೆ, ಮುಳಶಿ ಕಡೆಯ ಮುರುಮಿನ (ಗರಸು ಮಣ್ಣಿನ) ಹಾದಿಗಳು ಒಂದು ಬಗೆ. ನವಲಗುಂದ ತಾಲ್ಲೂಕಿನಲ್ಲಿರುವ ಅವರ ಹೊಲಕ್ಕೆ ಹೋಗುವ ಎರೆಮಣ್ಣಿನ ಬಂಡಿದಾರಿ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸ ಈ ಪ್ರಕರಣದಲ್ಲಿ ಬಹಳ ಮುಖ್ಯವಾದದ್ದು. ಮುರುಮಿನ ಅಡಿಯಲ್ಲಿ ಬಸಾಲ್ಟ್ ಬಂಡೆ ಇರುತ್ತದೆ. ಮೇಲಿನ ಸಡಿಲ ಕಲ್ಲು ಜಾರುತ್ತದೆ, ಅದರ ಚೂಪಾದ ಅಂಚು ಟೈರಿನ ಪಕ್ಕವನ್ನು ಸೀಳುತ್ತದೆ. ಎರೆಮಣ್ಣಾದರೋ ನೀರು ಹೀರಿ ಹಿಗ್ಗುವ ಜೇಡಿ. ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತಿರುವ ಅದೇ ದಾರಿ ಒಂದು ಹದಮಳೆಗೆ ಗಾಲಿಯನ್ನು ಬಿಡದೆ ಹಿಡಿಯುತ್ತದೆ.

ಪಟ್ಟಿಯನ್ನು ಪಕ್ಕಕ್ಕಿಟ್ಟು, ಈವರೆಗೆ ಗಾಡಿ ಎಲ್ಲೆಲ್ಲಿ ನಿಂತಿತು, ಯಾವ ಭಾಗ ಯಾವುದಕ್ಕೆ ತಾಗಿತು ಎಂಬುದನ್ನು ಹೇಳಿರೆಂದು ನಾನು ಕೇಳಿದೆ. ಮಾರ್ಪಾಡಿನ ಬಗ್ಗೆ ಸಲಹೆ ಕೇಳುವವರಲ್ಲಿ ಹೆಚ್ಚಿನವರ ಬಳಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇವರ ಬಳಿ ಇತ್ತು, ಮೊಬೈಲಿನಲ್ಲಿ ಚಿತ್ರಗಳೂ ಇದ್ದವು. ಮೊದಲನೆಯದು, ವೇಲ್ಹೆಯ ಬಳಿ ಸಡಿಲ ಕಲ್ಲಿನ ಏರಿನಲ್ಲಿ ನಾಲ್ಕೂ ಗಾಲಿ ಕಲ್ಲೆರಚುತ್ತ ನಿಂತಲ್ಲೇ ತಿರುಗಿದ್ದು. ಎರಡನೆಯದು, ಪಾನಶೇತ್ ಹಿನ್ನೀರಿನ ಹತ್ತಿರ ಟ್ರ್ಯಾಕ್ಟರ್ ಓಡಿ ಆಳವಾದ ಜಾಡಿನಲ್ಲಿ ಹಿಂದಿನ ಆಕ್ಸಲ್ಲಿನ ನಡುಭಾಗ, ಅಂದರೆ ಎರಡೂ ಗಾಲಿಗೆ ಬಲ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಹೌಸಿಂಗ್, ಜಾಡಿನ ನಡುವಿನ ದಿಬ್ಬಕ್ಕೆ ಕೂತದ್ದು. ಮೂರನೆಯದು, ಹೊಲದ ದಾರಿಯಲ್ಲಿ ಮಣ್ಣು ಟೈರಿನ ಗೀರುಗಳಲ್ಲೆಲ್ಲ ತುಂಬಿಕೊಂಡು, ಮಡ್‌ಗಾರ್ಡಿನೊಳಗೂ ಗಟ್ಟಿಯಾಗಿ ಒತ್ತಿಕೊಂಡು, ಗಾಲಿ ತಿರುಗಲು ಜಾಗವೇ ಇಲ್ಲದಂತಾದದ್ದು. ಆ ಚಿತ್ರದಲ್ಲಿ ಟೈರಿನ ಗುರುತೇ ಸಿಗುತ್ತಿರಲಿಲ್ಲ. ರಿಮ್ಮಿನ ಸುತ್ತ ಕಪ್ಪು ಮಣ್ಣಿನ ನುಣುಪಾದ ಒಂದು ಬಳೆ ಮಾತ್ರ ಕಾಣುತ್ತಿತ್ತು.

ಪಟ್ಟಿಯ ಮೊದಲ ವಸ್ತುವಾದ ಲಿಫ್ಟ್ ಅನ್ನು ಈ ಮೂರು ಘಟನೆಗಳ ಎದುರು ಇಟ್ಟು ನೋಡಿದರೆ, ಮೊದಲ ಎರಡರಲ್ಲಿ ಅದು ನೆರವಿಗೆ ಬರುತ್ತಿರಲಿಲ್ಲ. ಮೂರನೆಯದರಲ್ಲಿ ಮಡ್‌ಗಾರ್ಡಿನೊಳಗೆ ಸ್ವಲ್ಪ ಜಾಗ ಹೆಚ್ಚಿದರೂ, ಟೈರಿನ ಗೀರುಗಳಲ್ಲಿ ತುಂಬುವ ಮಣ್ಣು ಹಾಗೇ ಉಳಿಯುತ್ತಿತ್ತು. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ಉದ್ದನೆಯ ಸ್ಪ್ರಿಂಗು ಹಾಕಿದಾಗ ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ಲು, ಅದರ ನಡುವಿನ ಹೌಸಿಂಗ್ ಎರಡೂ ಗಾಲಿಯ ಕೇಂದ್ರಕ್ಕೆ ಕಟ್ಟುಬಿದ್ದಿರುವುದರಿಂದ ಇದ್ದ ಎತ್ತರದಲ್ಲಿಯೇ ಉಳಿಯುತ್ತವೆ. ಪುಣೆಯಲ್ಲಿಯೇ ಗ್ಯಾರೇಜು ನಡೆಸುವ ವಿಜಯಪುರ ಕಡೆಯ ಮೇಸ್ತ್ರಿಯೊಬ್ಬರು ಗಾಡಿಯನ್ನು ರ್‍ಯಾಂಪಿಗೆ ಏರಿಸಿ, ಗೀರು ಬಿದ್ದ ಹೌಸಿಂಗಿನ ಮೇಲೆ ಕೈಯಿಟ್ಟು, "ಸರ್ರ, ಸ್ಪ್ರಿಂಗ್ ಹಾಕಿದ್ರ ಬಾಡಿ ಮ್ಯಾಲ ಹೋಗತೈತಿ, ಇದು ಇಲ್ಲೇ ಇರತೈತಿ. ನಿಮಗ ತಾಗಿದ್ದು ಇದs ಅಲ್ರಿ?" ಎಂದು ತೋರಿಸಿದ ಬಳಿಕ ಗಂಡನಿಗೆ ವಿಷಯ ಮನದಟ್ಟಾಯಿತು. ಲಿಫ್ಟ್‌ನಿಂದ ಹೊಟ್ಟೆಯ ಕೋನ ಮತ್ತು ಏರುಕೋನ ಸುಧಾರಿಸುತ್ತವೆ ಎಂಬುದು ನಿಜ. ಚಾಸಿಯ ನಡುಭಾಗ ಬಂಡೆಗೆ ತಾಗುವವರಿಗೆ ಅದು ಸರಿಯಾದ ಖರ್ಚು. ಇವರ ಚಾಸಿಯ ಕೆಳಭಾಗದಲ್ಲಿ ಒಂದೂ ಗೀರು ಇರಲಿಲ್ಲ.

ಲಿಫ್ಟ್‌ನ ಬೆಲೆಯನ್ನು ಕಿಟ್ಟಿನ ಬಿಲ್ಲಿನಿಂದಷ್ಟೇ ಅಳೆಯಲಾಗದು. ಬಾಡಿ ಮೇಲೇರಿದಂತೆ ಮುಂದಿನ ಆಕ್ಸಲ್ಲು ತಿರುಚಿಕೊಂಡು ಕ್ಯಾಸ್ಟರ್ ಕೋನ, ಅಂದರೆ ಮುಂದಿನ ಗಾಲಿ ತಿರುಗುವ ಅಕ್ಷದ ಓರೆ, ಕಡಿಮೆಯಾಗುತ್ತದೆ, ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ತಾನಾಗಿ ನೆಟ್ಟಗೆ ಬರುವ ಗುಣವನ್ನು ಕಳೆದುಕೊಳ್ಳುತ್ತದೆ. ಆಕ್ಸಲ್ಲನ್ನು ಅಡ್ಡಲಾಗಿ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಉದ್ದ ಬದಲಾಗದೆ ಇರುವುದರಿಂದ ಆಕ್ಸಲ್ಲು ಒಂದು ಬದಿಗೆ ಸರಿಯುತ್ತದೆ. ಬ್ರೇಕಿನ ಹೋಸುಗಳು ಬಿಗಿಯುತ್ತವೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇವೆಲ್ಲಕ್ಕೂ ಪರಿಹಾರದ ಬಿಡಿಭಾಗಗಳುಂಟು, ಆದರೆ ಪ್ರತಿಯೊಂದಕ್ಕೂ ಬೇರೆ ಖರ್ಚು. ಮೊದಲೇ ಎತ್ತರ, ಕಿರಿದು ಎನ್ನಿಸುವ ಗಾಡಿಯ ಗುರುತ್ವಕೇಂದ್ರವನ್ನು ಇನ್ನಷ್ಟು ಮೇಲೆತ್ತಿ, ದಿನವೂ ಲೇನ್ ಬದಲಿಸುತ್ತ ಓಡಾಡುವವರ ಕೈಗೆ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ತಾಯಿಯವರಿಗೆ ಹತ್ತುವ ಎತ್ತರ ಹೆಚ್ಚುವುದಂತೂ ಇದ್ದೇ ಇದೆ.

ಹೌಸಿಂಗ್ ಮೇಲೇರಬೇಕಾದರೆ ದೊಡ್ಡ ಟೈರೇ ದಾರಿ ಎಂಬುದು ಮೇಸ್ತ್ರಿಯ ಮಾತಿನ ಮುಂದಿನ ತರ್ಕ. ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕಂಪನಿಯ 195/80 ಆರ್ 15 ಟೈರಿನ ವ್ಯಾಸ 693 ಮಿ.ಮೀ. ಗಂಡ ಬಯಸಿದ 235/75 ಆರ್ 15ರ ವ್ಯಾಸ ಸುಮಾರು 733 ಮಿ.ಮೀ. ವ್ಯಾಸದಲ್ಲಿ 40 ಮಿ.ಮೀ. ಹೆಚ್ಚಿದರೆ ಆಕ್ಸಲ್ಲು ಏರುವುದು ಅದರ ಅರ್ಧ, ಅಂದರೆ 20 ಮಿ.ಮೀ. ಇದು ನಿಜವಾದ ಲಾಭ. ಆದರೆ ಗಾಲಿ ಶೇಕಡಾ 6ರಷ್ಟು ದೊಡ್ಡದಾದರೆ ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತದೆ, ಅಂದರೆ ಎಳೆತ ಅಷ್ಟು ತಗ್ಗುತ್ತದೆ. 134 ಎನ್‌ಎಂ ಎಂಜಿನ್ನು ಖಂಬಾಟ್ಕಿ ಏರಿನಲ್ಲಿ ಒಂದು ಗೇರು ಕೆಳಗಿಳಿಯಬೇಕಾಗುತ್ತದೆ. ಸ್ಪೀಡೋಮೀಟರಿನ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ. ಜಿಮ್ನಿಯ 5.5 ಇಂಚು ಅಗಲದ ರಿಮ್ಮಿಗೆ ಈ ಟೈರು ಹೊಂದುವುದಿಲ್ಲ. ಅದಕ್ಕೆ ಕನಿಷ್ಠ 6 ಇಂಚಿನ ರಿಮ್ಮು ಬೇಕು. ಸ್ಪೇರ್ ಸೇರಿ ಐದು ಟೈರು, ಐದು ರಿಮ್ಮು ಎಂದಾಗ ಬಜೆಟ್ಟು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಹೋಲಿಸಿದರೆ 215/75 ಆರ್ 15ರ ವ್ಯಾಸ 703 ಮಿ.ಮೀ. ಮಾತ್ರ. ಅದು ಹಳೆಯ ರಿಮ್ಮಿಗೇ ಕೂರುತ್ತದೆ, ಗೇರಿನ ಮೇಲಿನ ಪರಿಣಾಮ ಶೇಕಡಾ 1.5, ಎತ್ತರದ ಲಾಭ 5 ಮಿ.ಮೀ. ಆದ್ದರಿಂದ ಈ ಅಳತೆಯನ್ನು ಎತ್ತರಕ್ಕಾಗಿ ಆಯ್ಕೆ ಮಾಡುವುದರಲ್ಲಿ ಅರ್ಥವಿಲ್ಲ. ಆರಿಸುವುದಿದ್ದರೆ ಗಟ್ಟಿಯಾದ ಪಕ್ಕಗೋಡೆಗಾಗಿ ಮತ್ತು ಹೆಚ್ಚು ಹಿಡಿತದ ಗೀರುಗಳಿಗಾಗಿ ಆರಿಸಬೇಕು.

ಬಂಪರು, ವಿಂಚ್, ಲೈಟ್ ಬಾರ್‌ಗಳ ವಿಷಯದಲ್ಲಿ ಕಾನೂನು ನಮ್ಮ ಕೆಲಸವನ್ನು ಹಗುರ ಮಾಡಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಕ್ರಾಶ್ ಗಾರ್ಡು, ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಕಾನೂನನ್ನು ಬದಿಗಿಟ್ಟರೂ ಸುರಕ್ಷತೆಯ ಪ್ರಶ್ನೆ ಉಳಿಯುತ್ತದೆ. ಗುದ್ದಿದಾಗ ಮುಂಭಾಗ ಹೇಗೆ ಕುಸಿಯಬೇಕು, ಏರ್‌ಬ್ಯಾಗು ಯಾವ ಕ್ಷಣದಲ್ಲಿ ಉಬ್ಬಬೇಕು ಎಂಬುದನ್ನು ಕಂಪನಿಯ ಬಂಪರನ್ನಿಟ್ಟುಕೊಂಡು ಹೊಂದಿಸಿರುತ್ತಾರೆ. ಉಕ್ಕಿನ ಬಂಪರು ಆ ಹೊಂದಾಣಿಕೆಯನ್ನು ಕೆಡಿಸುತ್ತದೆ. ಇಬ್ಬರೂ ಈ ಮೂರನ್ನೂ ಚರ್ಚೆಯಿಲ್ಲದೆ ಬಿಟ್ಟರು.

ಸ್ನಾರ್ಕೆಲ್ಲಿನ ಆಸೆಯ ಹಿಂದೆ ಬೆಣ್ಣಿಹಳ್ಳವಿತ್ತು. ನವಲಗುಂದದ ಕಡೆಯವರಿಗೆ ಈ ಹಳ್ಳದ ಪರಿಚಯ ಬೇಕಿಲ್ಲ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ತುಂಬಿ ಬಂದು ಹೊಲ, ದಾರಿ ಎಲ್ಲವನ್ನೂ ಮುಚ್ಚುತ್ತದೆ. ಸ್ನಾರ್ಕೆಲ್ ಕಾಪಾಡುವುದು ಎಂಜಿನ್ನಿನ ಗಾಳಿಯ ದಾರಿಯನ್ನು ಮಾತ್ರ. ಸುಮಾರು 1,200 ಕಿಲೋ ತೂಗುವ ಗಾಡಿಯ ತಳದ ವಿಸ್ತೀರ್ಣವನ್ನು ನಾಲ್ಕು ಚದರ ಮೀಟರ್ ಎಂದು ಹಿಡಿದರೂ, ಒಳಗೆ ನೀರು ನುಗ್ಗುವ ಮೊದಲು ತಳದ ಮೇಲೆ 10 ಸೆಂ.ಮೀ. ನೀರು ಏರಿದರೆ 400 ಕಿಲೋದಷ್ಟು ಭಾರವನ್ನು ನೀರೇ ಎತ್ತಿಹಿಡಿಯುತ್ತದೆ. ಆಗ ಗಾಲಿಯ ಮೇಲಿನ ಒತ್ತು ತಗ್ಗಿ, ಹರಿವಿನ ತಳ್ಳುವಿಕೆಯನ್ನು ಹಿಡಿತ ತಡೆಯಲಾರದು. ಹರಿಯುವ ಹಳ್ಳಕ್ಕೆ ಗಾಡಿ ಇಳಿಸುವುದಿಲ್ಲ ಎಂದು ಅವರು ಅಂದೇ ತೀರ್ಮಾನಿಸಿದರು. ನಿಂತ ನೀರಿನ ಸಣ್ಣ ದಾಟುಗಳಿಗೆ ಬೇಕಾದದ್ದು ಬೇರೆಯೇ ಒಂದು ಪರೀಕ್ಷೆ. ಓಡಿ ಬಿಸಿಯಾದ ಆಕ್ಸಲ್ಲು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಇರುವ ಬ್ರೀದರ್ ನಳಿಕೆ ಮುಚ್ಚಿದ್ದರೆ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮೇಸ್ತ್ರಿ ಎರಡೂ ಆಕ್ಸಲ್ಲಿನ ಬ್ರೀದರ್‌ಗಳನ್ನು ಬಿಚ್ಚಿ, ಊದಿ, ತೆರೆದಿವೆಯೆಂದು ಖಚಿತಪಡಿಸಿದರು. ನೀರು ದಾಟಿ ಬಂದ ಮೇಲೆ ಹೌಸಿಂಗಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುವ ಕ್ರಮವನ್ನೂ ಹೇಳಿಕೊಟ್ಟರು.

ಹೀಗೆ ಪಟ್ಟಿ ಖಾಲಿಯಾದ ಮೇಲೆ ನಾನು ಸೂಚಿಸಿದ ಮೊದಲ ಖರೀದಿ ಒಂದು ಒಳ್ಳೆಯ ಪ್ರೆಷರ್ ಗೇಜು ಮತ್ತು ಬ್ಯಾಟರಿಗೆ ನೇರವಾಗಿ ಸಿಕ್ಕಿಸುವ 12 ವೋಲ್ಟಿನ ಕಂಪ್ರೆಸರು. ಗಂಡನಿಗೆ ಇದು ಮಾರ್ಪಾಡೇ ಅನ್ನಿಸಲಿಲ್ಲ. ಆದರೆ ವೇಲ್ಹೆಯ ಏರಿನಲ್ಲಿ ಗಾಲಿ ಜಾರಿದ ದಿನ ಟೈರಿನಲ್ಲಿ ಎಷ್ಟು ಗಾಳಿಯಿತ್ತೆಂದು ವಿಚಾರಿಸಿದಾಗ, ಪೆಟ್ರೋಲ್ ಪಂಪಿನಲ್ಲಿ ತುಂಬಿಸಿದ 35 ಪಿಎಸ್‌ಐ ಹಾಗೇ ಇತ್ತೆಂದು ತಿಳಿಯಿತು. ಕೇಳದೆ ಇದ್ದರೆ ಪಂಪಿನವರು ಎಲ್ಲ ಗಾಡಿಗೂ ತುಂಬುವುದು ಅಷ್ಟನ್ನೇ. ಟೈರು ನೆಲಕ್ಕೆ ಒತ್ತುವ ಜಾಗದ ವಿಸ್ತೀರ್ಣ, ಸ್ಥೂಲವಾಗಿ, ಗಾಲಿಯ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. 35ರಿಂದ 18 ಪಿಎಸ್‌ಐಗೆ ಇಳಿಸಿದರೆ ಆ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೆಚ್ಚುವುದು ಮುಖ್ಯವಾಗಿ ಉದ್ದದಲ್ಲಿ, ಹಾಗಾಗಿ ಒಂದೇ ಕಲ್ಲಿನ ತುದಿಯ ಮೇಲೆ ನಿಂತಿದ್ದ ಗಾಲಿ ಮೂರು ನಾಲ್ಕು ಕಲ್ಲುಗಳನ್ನು ಒಟ್ಟಿಗೆ ಹಿಡಿಯುತ್ತದೆ.

ಅದೇ ಏರಿಗೆ ನಾವು ಮತ್ತೆ ಹೋದೆವು. ಕೆಳಗೆ ನಿಲ್ಲಿಸಿ, ವಾಲ್ವಿನ ಪಿನ್ನನ್ನು ಒತ್ತಿ ಗಾಳಿ ಬಿಡುತ್ತ ಗೇಜು ನೋಡುತ್ತ ನಾಲ್ಕೂ ಗಾಲಿಯನ್ನು 18ಕ್ಕೆ ತಂದೆವು. ಟೈರಿನ ಪಕ್ಕ ಸ್ವಲ್ಪ ಉಬ್ಬಿ, ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಕಂಡಿತು. ಹೆಂಡತಿಯೇ 4ಎಲ್ ಹಾಕಿ, ಮೊದಲ ಗೇರಿನಲ್ಲಿ, ಆಕ್ಸಿಲರೇಟರನ್ನು ಅದುಮದೆ ಹತ್ತಿಸಿದರು. ಅರ್ಧದಲ್ಲಿ ಒಂದು ಗಾಲಿ ಕ್ಷಣಕಾಲ ತಿರುಗಿತು, ಬ್ರೇಕಿನ ಕಟಕಟ ಸದ್ದಾಯಿತು, ಗಾಡಿ ಮುಂದೆ ಸಾಗಿ ಮೇಲೇರಿತು. ಟೈರು ಕಂಪನಿಯದೇ, ಸ್ಪ್ರಿಂಗು ಕಂಪನಿಯದೇ. ಇಳಿಸಿದ ಗಾಳಿಯಲ್ಲಿ 40 ಕಿ.ಮೀ. ವೇಗ ಮೀರಬಾರದು, ಸ್ಟೀರಿಂಗ್ ಜೋರಾಗಿ ಕತ್ತರಿಸಬಾರದು, 15 ಪಿಎಸ್‌ಐಗಿಂತ ಕೆಳಗಿಳಿದರೆ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ, ಡಾಂಬರು ಮುಟ್ಟುವ ಮೊದಲು ಬಾಗಿಲ ಬಳಿಯ ಸ್ಟಿಕರಿನಲ್ಲಿರುವಷ್ಟು ಗಾಳಿ ಮರಳಿ ತುಂಬಬೇಕು. ಕಂಪ್ರೆಸರು ಇಲ್ಲದೆ ಗಾಳಿ ಇಳಿಸಬಾರದೆಂಬುದು ಈ ಕಾರಣಕ್ಕೆ. ಒಣ ಡಾಂಬರಿನ ಮೇಲೆ 4ಎಚ್‌ನಲ್ಲಿ ಓಡಿಸಬಾರದೆಂಬುದನ್ನೂ ಇಬ್ಬರಿಗೂ ಹೇಳಿದೆ. ಈ ಗಾಡಿಯಲ್ಲಿ ನಡು ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲ್ಲುಗಳ ವೇಗದ ವ್ಯತ್ಯಾಸ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ.

ಎರಡನೆಯ ಖರೀದಿ ಎಳೆಯುವ ಸಾಮಗ್ರಿ. ನವಲಗುಂದದಲ್ಲಿ ಗಾಡಿ ಹೂತಾಗ ನೆರವಿಗೆ ಬಂದದ್ದು ಪಕ್ಕದ ಹೊಲದ ಟ್ರ್ಯಾಕ್ಟರು. ಅವರು ಕಟ್ಟಿದ್ದು ಕಬ್ಬಿಣದ ಸರಪಳಿ, ಸಿಕ್ಕಿಸಿದ್ದು ಕೈಗೆ ಸಿಕ್ಕ ಕಡೆ. ಸರಪಳಿ ಹಿಗ್ಗುವುದಿಲ್ಲ, ಜಗ್ಗಿದ ಏಟೆಲ್ಲ ಒಂದೇ ಬಿಂದುವಿಗೆ ಬಿದ್ದು ಕೊಂಡಿ ಹರಿದರೆ ಅದು ಗುಂಡಿನ ವೇಗದಲ್ಲಿ ಹಾರುತ್ತದೆ. ಸಹಾಯಕ್ಕೆ ಬರುವ ರೈತನ ಪ್ರಾಣವೂ ಅದರಲ್ಲಿ ಸಿಲುಕಿರುತ್ತದೆ ಎಂಬ ಕಾರಣಕ್ಕೆ ನಾನು ಈ ಖರ್ಚನ್ನು ಟೈರಿಗಿಂತ ಮುಂದಿಟ್ಟೆ. ತುಂಬಿದ ಗಾಡಿಯ ತೂಕ ಒಂದೂವರೆ ಟನ್ನಿನ ಆಸುಪಾಸು. ಅದರ ಕನಿಷ್ಠ ಎರಡು ಮೂರು ಪಟ್ಟು ಭಾರ ತಡೆಯುವ ನೈಲಾನ್ ಹಗ್ಗ, ಎರಡು ಸಾಫ್ಟ್ ಶ್ಯಾಕಲ್ (ಹಗ್ಗದಿಂದಲೇ ಮಾಡಿದ ಕೊಂಡಿ), ಹಗ್ಗದ ಮೇಲೆ ಹೊದಿಸಲು ಒಂದು ದಪ್ಪ ಕಂಬಳಿ, ಒಂದು ಮಡಚುವ ಸಲಿಕೆ, ದಪ್ಪ ಕೈಗವಸು, ಇಷ್ಟೂ ಒಂದೇ ಚೀಲದಲ್ಲಿ ಹಿಡಿದವು. 208 ಲೀಟರಿನ ಡಿಕ್ಕಿಯಲ್ಲಿ ಇದೂ ಮುಖ್ಯವಾದ ವಿಚಾರ. ಗಾಡಿಯ ಕೈಪಿಡಿ ತೆರೆದು, ಯಾವ ಕೊಕ್ಕೆ ಎಳೆಯಲು ಯೋಗ್ಯ, ಯಾವುದು ಸಾಗಣೆಯಲ್ಲಿ ಕಟ್ಟಿಹಾಕಲಷ್ಟೇ ಎಂಬುದನ್ನು ಗುರುತಿಸಿಕೊಂಡೆವು.

ಟೈರು ಮೂರನೆಯದಾಯಿತು. ಕಂಪನಿಯ ಟೈರುಗಳಲ್ಲಿ ಇನ್ನೂ ಜೀವವಿದ್ದುದರಿಂದ ಬೇಸಿಗೆಯ ಕೊನೆಯವರೆಗೆ ಅವನ್ನೇ ಓಡಿಸಿ, ಮಳೆಗಾಲಕ್ಕೆ ಮುಂಚೆ 215/75 ಆರ್ 15ರ ಆಲ್ ಟೆರೇನ್ (ಡಾಂಬರು, ಕಚ್ಚಾ ಹಾದಿ ಎರಡಕ್ಕೂ ಆಗುವ) ಐದು ಟೈರುಗಳನ್ನು ಹಾಕಿಸಿದರು. ಅದಕ್ಕೂ ಮೊದಲು ಅಳತೆಯ ಬಗ್ಗೆ ಡೀಲರನ್ನು ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಂಡರು. ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ತಕರಾರಿಗೆ ಎಡೆಮಾಡುತ್ತದೆ. ಮಡ್ ಟೆರೇನ್ ಬೇಡವೆಂದದ್ದು ನವಲೆ ಇಳಿಜಾರನ್ನು ನೆನೆದು. ದೊಡ್ಡ ಗಡ್ಡೆಗಳ ಆ ಟೈರಿನಲ್ಲಿ ಡಾಂಬರಿಗೆ ತಾಗುವ ರಬ್ಬರು ಕಡಿಮೆ, ಒದ್ದೆಯಲ್ಲಿ ನಿಲ್ಲುವ ದೂರ ಹೆಚ್ಚು. ಆಲ್ ಟೆರೇನಿನಲ್ಲಿಯೂ ಈ ದೋಷ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಹಾಕಿಸಿದ ವಾರದಲ್ಲಿಯೇ ಖಾಲಿ ರಸ್ತೆಯೊಂದರಲ್ಲಿ, ಮಳೆ ಬಿದ್ದ ಹೊತ್ತಿನಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಬ್ರೇಕನ್ನು ಒತ್ತಿ ಅಭ್ಯಾಸ ಮಾಡಿಕೊಳ್ಳುವಂತೆ ಹೆಂಡತಿಯವರಿಗೆ ಹೇಳಿದೆ. ಮುಂದಿನ ವಾಹನದಿಂದ ಬಿಡುವ ಅಂತರವನ್ನು ಅವರು ಆಮೇಲೆ ತಾವಾಗಿಯೇ ಹೆಚ್ಚಿಸಿಕೊಂಡರು. ಮೈಲೇಜು ಲೀಟರಿಗೆ ಒಂದು ಕಿ.ಮೀ. ಆಸುಪಾಸು ತಗ್ಗಿದೆ, 80ರ ಮೇಲೆ ಸಣ್ಣ ಗುಂಯ್‌ಗುಟ್ಟುವಿಕೆ ಕೇಳುತ್ತದೆ.

ಎರೆಮಣ್ಣಿಗೆ ಮಾತ್ರ ಈ ಮೂರರಿಂದಲೂ ಪೂರ್ಣ ಪರಿಹಾರ ದೊರೆಯಲಿಲ್ಲ. ಅಲ್ಲಿ ಗಾಳಿ ಇಳಿಸಿದರೂ ಜೇಡಿ ಗೀರುಗಳಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಯಾವ ಟೈರೂ ನುಣುಪೇ. ಹೊಲ ನೋಡಿಕೊಳ್ಳುವ ಹಿರಿಯರು ದಾರಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಅಂಗೈಗೆ ಅಂಟಿದರೆ, "ಇನ್ನೊಂದ್ ಎರಡ ಬಿಸಲ ಬೀಳಲಿ ತಮ್ಮಾ, ಗಾಡಿ ಊರಾಗs ಇರಲಿ" ಎನ್ನುತ್ತಾರೆ. ದಂಪತಿ ಈಗ ಆ ಮಾತಿನಂತೆ ನಡೆಯುತ್ತಾರೆ. ಹಸಿ ಇದ್ದರೆ ಊರ ಅಂಚಿನಲ್ಲಿ ನಿಲ್ಲಿಸಿ ನಡೆದು ಹೋಗುತ್ತಾರೆ.

ಒಂದು ಮಳೆಗಾಲ ಕಳೆದ ಬಳಿಕ ಗಾಡಿಯನ್ನು ಮತ್ತೆ ರ್‍ಯಾಂಪಿಗೆ ಏರಿಸಿದೆವು. ಟೈರಿನ ಪಕ್ಕಗೋಡೆಯಲ್ಲಿ ಕಲ್ಲಿನ ಗೀಚುಗಳಿದ್ದವು, ಸೀಳು ಇರಲಿಲ್ಲ. ಹಿಂದಿನ ಹೌಸಿಂಗಿನ ಮೇಲೆ ಹೊಸ ಗೀರುಗಳು ಒಂದೆರಡು, ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳ ಬ್ರ್ಯಾಕೆಟ್ಟಿನ ಅಂಚು ಸ್ವಲ್ಪ ಬಾಗಿದೆ. ಆಳವಾದ ಜಾಡಿನಲ್ಲಿ ಗಾಲಿಯನ್ನು ಜಾಡಿನೊಳಗೆ ಇಳಿಸದೆ, ಒಂದನ್ನು ನಡುದಿಬ್ಬದ ಮೇಲೆ, ಇನ್ನೊಂದನ್ನು ಹೊರ ಅಂಚಿನ ಮೇಲೆ ಇಟ್ಟು ಓಡಿಸುವುದನ್ನು ಗಂಡ ಇನ್ನೂ ಪೂರ್ತಿ ರೂಢಿಸಿಕೊಂಡಿಲ್ಲ. ಬಜೆಟ್ಟಿನಲ್ಲಿ ಉಳಿದ ಹಣವನ್ನು ಇಬ್ಬರೂ ಒಟ್ಟಿಗೆ ಒಂದು ಆಫ್‌ರೋಡ್ ಚಾಲನೆಯ ತರಬೇತಿಗೆ ಸೇರಲು ಎತ್ತಿಟ್ಟಿದ್ದಾರೆ. ಬ್ರ್ಯಾಕೆಟ್ಟಿಗೆ ರಕ್ಷಣೆಯ ತಗಡು ಹಾಕಿಸಬೇಕೇ ಎಂಬುದನ್ನು ಅದರ ನಂತರ ನೋಡುವುದೆಂದು ಮೇಸ್ತ್ರಿಯೂ ಒಪ್ಪಿದ್ದಾರೆ.